ಸುಖಾನ್ವೇಷಣೆಯೂ ಜೀವನಾರ್ಥವೂ: ಸಯನ್ ಆಸ್ಪತ್ರೆಯ ಒಂದು ನಿದರ್ಶನ

ಸುಖವನ್ನು ಬಯಸದ ಜೀವಿಯಿಲ್ಲವೆಂಬುದು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಒಪ್ಪಿತವಾದ ಮಾತು. ಆದರೆ ಬಯಕೆಯೊಂದು ಸಾರ್ವತ್ರಿಕವಾಗಿದೆಯೆಂದ ಮಾತ್ರಕ್ಕೆ ಅದೇ ಬಾಳಿನ ಗುರಿಯಾಗತಕ್ಕದ್ದೆಂದು ಸಿದ್ಧವಾಗುವುದಿಲ್ಲ. ಹಸಿವೂ ಸಾರ್ವತ್ರಿಕವಾದುದೇ, ಆದರೂ ಊಟವೇ ಜೀವನದ ಪರಮಾರ್ಥವೆಂದು ಯಾರೂ ಹೇಳಲಾರರು. ಸುಖದ ಆಚೆಗೆ ಬಾಳಿಗೆ ಅರ್ಥವನ್ನು ಕೊಡುವ ಮತ್ತೊಂದು ವಸ್ತುವುಂಟೆ, ಉಂಟಾದರೆ ಅದರ ಸ್ವರೂಪವೇನು ಎಂಬ ವಿಚಾರ ಆದುದರಿಂದ ಹಳೆಯದಾದರೂ ಹಳಸಿದುದಲ್ಲ.

ಭಾರತೀಯ ಚಿಂತನೆಯಲ್ಲಿ ಈ ಭೇದವನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದ ಗ್ರಂಥಗಳಲ್ಲಿ ಕಠೋಪನಿಷತ್ತು ಒಂದು. ಪ್ರಿಯವಾದುದು ಬೇರೆ, ಶ್ರೇಯಸ್ಕರವಾದುದು ಬೇರೆ, ಎರಡೂ ಮನುಷ್ಯನ ಮುಂದೆ ಬಂದು ನಿಲ್ಲುತ್ತವೆ, ಆರಿಸಿಕೊಳ್ಳಬೇಕಾದವನು ಅವನೇ. ಗ್ರೀಸ್ ದೇಶದಲ್ಲಿ ಅರಿಸ್ಟಾಟಲನು ಕ್ಷಣಿಕವಾದ ಭೋಗಕ್ಕೂ, ಸದ್ಗುಣದಿಂದ ಕೂಡಿದ ಸಾರ್ಥಕ ಜೀವನಕ್ಕೂ ಇರುವ ಅಂತರವನ್ನು ವಿವೇಚಿಸಿದನು. ಸುಖವನ್ನೇ ನೀತಿಯ ಅಳತೆಗೋಲನ್ನಾಗಿ ಎಣಿಸಿದ ಜಾನ್ ಸ್ಟೂಅರ್ಟ್ ಮಿಲ್ ಕೂಡ 1873ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ ಒಂದು ವಿಲಕ್ಷಣವಾದ ಅನುಭವವನ್ನು ಹೇಳಿಕೊಂಡಿದ್ದಾನೆ. ಇಪ್ಪತ್ತನೆಯ ವಯಸ್ಸಿನಲ್ಲಿ ಬಾಳು ನೀರಸವಾಗಿ ತೋರಿದಾಗ ಅವನು ಕಂಡುಕೊಂಡ ಸತ್ಯವಿಷ್ಟು: ಸುಖವನ್ನೇ ನೇರವಾಗಿ ಬೆನ್ನಟ್ಟುವವನಿಗೆ ಸುಖ ದೊರೆಯದು, ಮತ್ತಾವುದೋ ಧ್ಯೇಯದಲ್ಲಿ ಮನಸ್ಸನ್ನು ನೆಟ್ಟವನಿಗೆ ಅದು ದಾರಿಯಲ್ಲಿ ತಾನಾಗಿ ಸಿಕ್ಕುತ್ತದೆ.

ಇತ್ತೀಚಿನ ಮನೋವಿಜ್ಞಾನವೂ ಈ ಭೇದವನ್ನು ಪರೀಕ್ಷಿಸಿದೆ. ರಾಯ್ ಬೌಮೈಸ್ಟರ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 400 ಅಮೆರಿಕನ್ ವಯಸ್ಕರು ತಮ್ಮ ಬಾಳು ಎಷ್ಟು ಸುಖಮಯ, ಎಷ್ಟು ಅರ್ಥಪೂರ್ಣ ಎಂದು ತಾವೇ ಅಳೆದು ಹೇಳಿದರು. ಇವೆರಡೂ ಬಹುಮಟ್ಟಿಗೆ ಜೊತೆಯಾಗಿಯೇ ಇರುತ್ತವೆ. ಆದರೆ ಅಗಲುವ ಸ್ಥಳಗಳೂ ಉಂಟು. ಬೇಕಾದುದು ದೊರೆಯುವುದು, ವರ್ತಮಾನದ ನೆಮ್ಮದಿ, ಇತರರಿಂದ ಪಡೆಯುವುದು ಸುಖದ ಕಡೆಗೆ ವಾಲಿದವು. ಹಿಂದುಮುಂದುಗಳ ಚಿಂತನೆ, ಹೊಣೆಗಾರಿಕೆ, ಇತರರಿಗೆ ಕೊಡುವುದು ಅರ್ಥದ ಕಡೆಗೆ ವಾಲಿದವು. ಚಿಂತೆ, ಒತ್ತಡಗಳು ಸುಖವನ್ನು ಕುಗ್ಗಿಸಿದರೂ ಅರ್ಥಪೂರ್ಣ ಬಾಳಿನೊಡನೆ ಕಾಣಿಸಿಕೊಂಡವು. ಒಂದೇ ದೇಶದ, ಸ್ವಂತ ಹೇಳಿಕೆಗಳನ್ನು ಆಧರಿಸಿದ ಈ ಫಲಿತಾಂಶವನ್ನು ಸಾರ್ವಕಾಲಿಕ ನಿಯಮವೆಂದು ಗ್ರಹಿಸಲಾಗದು. ಆದರೂ ಕೊಡುವುದಕ್ಕೂ ಅರ್ಥಕ್ಕೂ ಇರುವ ನಂಟನ್ನು ಅದು ಎತ್ತಿ ತೋರಿಸಿದೆ. ಈ ನಂಟನ್ನು ಪರಿಶೀಲಿಸಲು ಮುಂಬಯಿಯ ಕನ್ನಡಿಗರು ದೂರ ಹೋಗಬೇಕಾಗಿಲ್ಲ, ಸಯನ್ ಸಾಕು.

ಸಯನ್ ಎಂಬ ಹೆಸರಿನ ಮೂಲರೂಪ ಮರಾಠಿಯ ‘ಶೀವ’. ಅದರ ಅರ್ಥ ಎಲ್ಲೆ, ಕನ್ನಡದ ‘ಸೀಮೆ’. ಹದಿನೇಳನೆಯ ಶತಮಾನದಲ್ಲಿ ಆಂಗ್ಲರ ಮುಂಬಯಿ ದ್ವೀಪ ಮುಗಿದು ಪೋರ್ಚುಗೀಸರ ಸಾಷ್ಟಿ ಆರಂಭವಾಗುತ್ತಿದ್ದ ಗಡಿ ಅದು. ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ, 1669ರಿಂದ 1677ರ ಅವಧಿಯಲ್ಲಿ, ಅಲ್ಲಿನ ಗುಡ್ಡದ ಮೇಲೆ ಕಟ್ಟಿದ ಕೋಟೆಯ ಅವಶೇಷ ಇಂದಿಗೂ ಇದೆ. ಆ ಗಡಿಯ ಒಂದು ಮಗ್ಗುಲಲ್ಲಿ ದಕ್ಷಿಣ ಭಾರತೀಯರು ನೆಲೆಸಿದ ಮಾಟುಂಗ, ಇನ್ನೊಂದು ಮಗ್ಗುಲಲ್ಲಿ ಧಾರಾವಿ. ನಡುವೆ, 1947ರಲ್ಲಿ ಹಳೆಯ ಸೈನಿಕ ಬ್ಯಾರಕ್‌ಗಳಲ್ಲಿ ಆರಂಭವಾದ ಪುರಸಭೆಯ ಆಸ್ಪತ್ರೆ. ಲೋಕಮಾನ್ಯ ತಿಲಕರ ಹೆಸರನ್ನು ಹೊತ್ತಿದ್ದರೂ ಜನರ ಬಾಯಲ್ಲಿ ಅದು ಸಯನ್ ಆಸ್ಪತ್ರೆಯೇ. ಅದಕ್ಕೆ ಸೇರಿದ ವೈದ್ಯಕೀಯ ಕಾಲೇಜು 1964ರಲ್ಲಿ ಸ್ಥಾಪಿತವಾಯಿತು.

ಈ ಆಸ್ಪತ್ರೆಯಲ್ಲಿ 1989ರಲ್ಲಿ ಏಷ್ಯಾ ಖಂಡದ ಮೊದಲನೆಯ ಎದೆಹಾಲಿನ ಭಂಡಾರ ಆರಂಭವಾಯಿತು. ಅದರ ಸ್ಥಾಪಕಿ ನವಜಾತ ಶಿಶುವೈದ್ಯೆ ಡಾ. ಆರ್ಮಿಡಾ ಫರ್ನಾಂಡಿಸ್, ಮುಂದೆ ಅವರು ಅದೇ ಸಂಸ್ಥೆಯ ಡೀನ್ ಆದರು, 1999ರಲ್ಲಿ ‘ಸ್ನೇಹಾ’ ಎಂಬ ಸಂಸ್ಥೆಯನ್ನು ಕಟ್ಟಿ ತಾಯಿಮಕ್ಕಳ ಆರೋಗ್ಯದ ಕಾರ್ಯವನ್ನು ಧಾರಾವಿಯಂಥ ಬಡವರ ವಸತಿಗಳಿಗೆ ಕೊಂಡೊಯ್ದರು. ಭಂಡಾರದ ಅಗತ್ಯವನ್ನು ವೈದ್ಯಶಾಸ್ತ್ರವೇ ಸಮರ್ಥಿಸುತ್ತದೆ. ದಿನ ತುಂಬದೆ ಹುಟ್ಟಿದ ಶಿಶುವಿನ ಕರುಳು ಎಳೆಯದು. ಡಬ್ಬಿಯ ಹಾಲು ಕುಡಿದ ಇಂಥ ಶಿಶುಗಳಲ್ಲಿ ಕರುಳು ಕೊಳೆಯುವ ಮಾರಕ ವ್ಯಾಧಿ ಹೆಚ್ಚು. ಎದೆಹಾಲಿನಲ್ಲಿರುವ ರೋಗನಿರೋಧಕ ದ್ರವ್ಯಗಳು ಆ ಅಪಾಯವನ್ನು ತಗ್ಗಿಸುತ್ತವೆ. ತಾಯಿ ಅಸ್ವಸ್ಥಳಾಗಿದ್ದರೆ, ಅವಳಿಗೆ ಹಾಲು ಬಾರದಿದ್ದರೆ ಅಥವಾ ಅವಳೇ ಇಲ್ಲದಿದ್ದರೆ, ಮತ್ತೊಬ್ಬ ತಾಯಿಯ ಹಾಲೇ ಮುಂದಿನ ಉತ್ತಮ ಆಹಾರ.

ಭಂಡಾರದ ಕಾರ್ಯವಿಧಾನ ಸರಳ. ದಾನಮಾಡುವ ತಾಯಿಯ ಆರೋಗ್ಯವನ್ನೂ ರಕ್ತವನ್ನೂ ಮೊದಲು ಪರೀಕ್ಷಿಸುತ್ತಾರೆ. ಅವಳ ಸ್ವಂತ ಮಗುವಿಗೆ ಸಾಲುವಷ್ಟು ಉಳಿಸಿ, ಮಿಕ್ಕ ಹಾಲನ್ನು ಮಾತ್ರ ಪಡೆಯುತ್ತಾರೆ. ಆ ಹಾಲನ್ನು 62.5 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ 30 ನಿಮಿಷ ಕಾಯಿಸಿ, ಬೇಗನೆ ತಣಿಸಿ, ರೋಗಾಣುಗಳಿಲ್ಲವೆಂದು ಪರೀಕ್ಷೆಯಿಂದ ದೃಢಪಟ್ಟ ಮೇಲೆಯೇ ಬಳಸುತ್ತಾರೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಾಡುತ್ತಾರೆ. ಕೊಟ್ಟ ತಾಯಿಗೆ ತನ್ನ ಹಾಲು ಯಾವ ಶಿಶುವಿನ ಬಾಯಿಗೆ ಹೋಯಿತೆಂಬುದು ತಿಳಿಯದು. ಶಿಶುವಿನ ಮನೆಯವರಿಗೂ ಕೊಟ್ಟವಳ ಜಾತಿ, ಮತ, ಭಾಷೆಗಳು ತಿಳಿಯವು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ಕಾರ್ಯದಿಂದ ಆ ತಾಯಿಗೆ ದೊರೆತುದೇನು? ಸುಖವೆಂದು ಸುಲಭವಾಗಿ ಹೇಳುವಂತಿಲ್ಲ. ಹೆರಿಗೆಯ ನೋವು ಇನ್ನೂ ಆರಿಲ್ಲ. ಅನೇಕರಿಗೆ ತಮ್ಮ ಶಿಶುವೂ ಅದೇ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ ಆತಂಕ. ಕೃತಜ್ಞತೆಯ ಮಾತೂ ಇಲ್ಲ, ಏಕೆಂದರೆ ಪಡೆದವರು ಯಾರೋ. ಆದರೆ ತನ್ನಲ್ಲಿ ಮಿಕ್ಕುದು ಮತ್ತೊಂದು ಜೀವಕ್ಕೆ ಆಧಾರವಾಯಿತೆಂಬ ಅರಿವು ಅವಳಿಗುಂಟು. ಆ ಅರಿವನ್ನು ಸುಖವೆನ್ನುವುದಕ್ಕಿಂತ ಅರ್ಥವೆನ್ನುವುದು ಸರಿ. ಮಗುವನ್ನು ಕಳೆದುಕೊಂಡ ತಾಯಂದಿರೂ ಹಾಲನ್ನು ದಾನಮಾಡಿದ ಉದಾಹರಣೆಗಳು ಅನೇಕ ದೇಶಗಳ ಭಂಡಾರಗಳಲ್ಲಿವೆ. ಅಲ್ಲಿ ಸುಖದ ಮಾತೇ ಇಲ್ಲ. ಶೋಕ ಶೋಕವಾಗಿಯೇ ಉಳಿಯುತ್ತದೆ. ಆದರೂ ಆ ಶೋಕದ ನಡುವೆ ಮಾಡಬಹುದಾದ ಕಾರ್ಯವೊಂದು ಉಳಿದಿರುತ್ತದೆ.

ಕನ್ನಡಿಗರಿಗೆ ಈ ತತ್ತ್ವ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಗಿಲಾದುದು ತಮ್ಮದಲ್ಲವೆಂದು ಪತ್ನಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾದ ಕಥೆ. ಕಾಯಕ, ದಾಸೋಹಗಳೆಂಬ ಎರಡು ಶಬ್ದಗಳ ನಂಟು ಇದರಲ್ಲಿ ಅಡಗಿದೆ. ದುಡಿಮೆ ತನಗೆ ಬೇಕಾದಷ್ಟನ್ನು ಕೊಡುತ್ತದೆ. ಮಿಕ್ಕುದು ಯಾರದೆಂಬ ಪ್ರಶ್ನೆಯಿಂದಲೇ ಬಾಳಿನ ಅರ್ಥದ ವಿಚಾರ ಮೊದಲಾಗುತ್ತದೆ.

ಜಗತ್ತಿನ ಮೊದಲನೆಯ ಎದೆಹಾಲಿನ ಭಂಡಾರ 1909ರಲ್ಲಿ ವಿಯೆನ್ನಾ ನಗರದಲ್ಲಿ ಆರಂಭವಾಗಿತ್ತು. ಅದೇ ನಗರದಲ್ಲಿ 1905ರಲ್ಲಿ ಹುಟ್ಟಿದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ 1942ರಿಂದ 1945ರವರೆಗೆ ನಾಜಿಗಳ ಶಿಬಿರಗಳಲ್ಲಿ ಸೆರೆಯಾಗಿದ್ದು, ತಂದೆ, ತಾಯಿ, ಸಹೋದರ ಹಾಗೂ ಪತ್ನಿಯನ್ನು ಕಳೆದುಕೊಂಡು, 1946ರಲ್ಲಿ ತಮ್ಮ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಮನುಷ್ಯನ ಮೂಲ ಪ್ರೇರಣೆ ಸುಖವಲ್ಲ, ಅರ್ಥ ಎಂಬುದು ಅವರ ಸಿದ್ಧಾಂತ. ಕೈಗೊಂಡ ಕಾರ್ಯದಿಂದ, ಪ್ರೀತಿಯಿಂದ, ತಪ್ಪಿಸಲಾಗದ ದುಃಖವನ್ನು ಎದುರಿಸುವ ರೀತಿಯಿಂದ, ಹೀಗೆ ಮೂರು ಬಗೆಯಿಂದ ಅರ್ಥ ದೊರೆಯುತ್ತದೆಂದು ಅವರು ಪ್ರತಿಪಾದಿಸಿದರು. ಅರ್ಥವನ್ನು ಕಲ್ಪಿಸಿಕೊಳ್ಳುವುದಲ್ಲ, ಬಾಳು ಕೇಳುವ ಪ್ರಶ್ನೆಗೆ ಕೃತಿಯಿಂದ ಉತ್ತರ ಕೊಡುವುದು ಎಂಬುದು ಅದರ ತಿರುಳು.

ಈ ವಾದಕ್ಕೆ ಎರಡು ಆಕ್ಷೇಪಗಳನ್ನು ಎದುರಿಸದೆ ಮುಂದುವರಿಯುವುದು ಉಚಿತವಲ್ಲ. ಮೊದಲನೆಯದು: ಅನ್ನವಸತಿಗಳಿಲ್ಲದವನಿಗೆ ಸುಖವನ್ನು ಬಿಟ್ಟು ಅರ್ಥವನ್ನು ಅರಸೆಂದು ಬೋಧಿಸುವುದು ಕ್ರೌರ್ಯವಲ್ಲವೆ? ಹೌದು, ಕ್ರೌರ್ಯವೇ. ತಪ್ಪಿಸಬಹುದಾದ ದುಃಖವನ್ನು ಸಹಿಸುವುದರಲ್ಲಿ ಹಿರಿಮೆಯಿಲ್ಲವೆಂದೂ, ಅದರ ಕಾರಣವನ್ನು ಕಿತ್ತೊಗೆಯುವುದೇ ಅರ್ಥಪೂರ್ಣ ಕಾರ್ಯವೆಂದೂ ಫ್ರಾಂಕ್ಲ್ ಅವರೇ ಎಚ್ಚರಿಸಿದ್ದಾರೆ. ಸಯನ್ನಿನ ಭಂಡಾರವೂ ದುಃಖವನ್ನು ಹೊಗಳಲು ಹುಟ್ಟಿದುದಲ್ಲ, ಶಿಶುಮರಣವನ್ನು ತಡೆಯಲು ಹುಟ್ಟಿದುದು. ದಾನಿಯ ಮಗುವಿಗೆ ಮೊದಲ ಪಾಲು ಎಂಬ ಅದರ ನಿಯಮವೂ ಇದನ್ನೇ ಹೇಳುತ್ತದೆ.

ಎರಡನೆಯದು ಇನ್ನೂ ಗಂಭೀರವಾದುದು. ತನಗಿಂತ ಹಿರಿದಾದ ಧ್ಯೇಯವೆಂಬುದು ಮತಾಂಧನಿಗೂ ಉಂಟು. ಶಿಬಿರದ ಕಾವಲುಗಾರನೂ ತನ್ನ ಬಾಳಿಗೆ ಅರ್ಥವಿದೆಯೆಂದು ನಂಬಿದ್ದಿರಬಹುದು. ಹಾಗಾದರೆ ಧ್ಯೇಯಧ್ಯೇಯಗಳಲ್ಲಿ ತಾರತಮ್ಯವನ್ನು ಹೇಗೆ ಎಣಿಸತಕ್ಕದ್ದು? ಧ್ಯೇಯದ ಬೆಲೆಯನ್ನು ಯಾರು ತೆರುತ್ತಾರೆಂದು ನೋಡುವುದು ಒಂದು ಒರೆಗಲ್ಲು. ಬೆಲೆಯನ್ನು ಪರರ ತಲೆಗೆ ಹೊರಿಸುವ ಧ್ಯೇಯ ಎಷ್ಟು ಭವ್ಯವಾಗಿ ತೋರಿದರೂ ಸಂಶಯಾಸ್ಪದ. ತಾನೇ ತೆತ್ತು, ಕಣ್ಣಮುಂದಿನ ಒಂದು ಜೀವದ ಭಾರವನ್ನು ಇಳಿಸುವ ಧ್ಯೇಯ ಚಿಕ್ಕದಾದರೂ ನಂಬಿಕೆಗೆ ಅರ್ಹ.

ಮುಂಬಯಿಯ ಕನ್ನಡಿಗರ ಚರಿತ್ರೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಊರು ಬಿಟ್ಟು ಬಂದವರು ಅರಸಿದುದು ಮೊದಲು ಹೊಟ್ಟೆಪಾಡು, ಅನಂತರ ಸುಖ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳು ತೆರೆದವು. ಕಚೇರಿ ಮುಗಿಸಿ ದಣಿದು ಬಂದವರು ಆ ಶಾಲೆಗಳಲ್ಲಿ ಪಾಠ ಹೇಳಿದರು. ಹಗಲೆಲ್ಲ ತಟ್ಟೆ ಎತ್ತಿದವರು ತೂಕಡಿಕೆಯನ್ನು ತಡೆದು ಕಲಿತರು. ಅಲ್ಲಿ ನಿದ್ದೆಯೆಂಬ ಸುಖವನ್ನು ಎರಡೂ ಪಕ್ಷದವರು ತೆತ್ತರು. ಆ ಶಾಲೆಗಳಲ್ಲಿ ಬಹಳಷ್ಟು ಇಂದು ಮುಚ್ಚಿವೆ. ಕಲಿಯುವವರ ಅಗತ್ಯಗಳೂ ಬದಲಾಗಿವೆ. ಮಿಕ್ಕ ಹೊತ್ತು, ಮಿಕ್ಕ ವಿದ್ಯೆ, ಮಿಕ್ಕ ಹಣ ಇಂದಿನ ಕನ್ನಡಿಗನಲ್ಲಿ ಹಿಂದಿನವರಿಗಿಂತ ಹೆಚ್ಚೇ ಇರಬಹುದು. ಅದು ಸಲ್ಲಬೇಕಾದ ಸ್ಥಳ ಯಾವುದೆಂಬುದು ಮಾತ್ರ ಈಗ ಹೊಸದಾಗಿ ನಿರ್ಣಯವಾಗಬೇಕಾಗಿದೆ.

ಎದೆಹಾಲಿನ ವಿಷಯದಲ್ಲಿ ಶರೀರಶಾಸ್ತ್ರ ಹೇಳುವ ಸಂಗತಿಯೊಂದುಂಟು: ತೆಗೆದಷ್ಟೂ ಅದು ಊರುತ್ತದೆ, ತೆಗೆಯದಿದ್ದರೆ ಕ್ರಮೇಣ ಬತ್ತುತ್ತದೆ. ಮನುಷ್ಯನ ಎಲ್ಲ ಸಂಪತ್ತುಗಳೂ ಈ ನಿಯಮಕ್ಕೆ ಒಳಪಟ್ಟಿವೆಯೆಂದು ಹೇಳುವುದು ಅತಿಶಯೋಕ್ತಿಯಾದೀತು. ಕೊಟ್ಟು ಬರಿದಾದವರೂ ಉಂಟು. ಆದರೆ ಸುಖವನ್ನು ಕೂಡಿಡಲು ಹೊರಟವನಿಗೆ ಎಷ್ಟು ಕೂಡಿಟ್ಟರೆ ಸಾಕೆಂಬುದು ಎಂದಿಗೂ ತಿಳಿಯದು. ತನ್ನ ಮಗುವಿಗೆ ಎಷ್ಟು ಬೇಕು, ಮಿಕ್ಕುದೆಷ್ಟು ಎಂಬುದನ್ನು ಸಯನ್ನಿನ ವಾರ್ಡಿನಲ್ಲಿ ಕುಳಿತ ತಾಯಿ ದಿನದಿನವೂ ಅಳೆದು ಅರಿಯುತ್ತಾಳೆ.