ಗುಲಗಂಜಿ, ಗಿನ್, ಗದ್ಯಾಣ: ಹಳೆಯ ಲೆಕ್ಕವನ್ನು ಯಂತ್ರಕ್ಕೆ ಕಲಿಸುವ ಬಗೆ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಒಂದು ಕೈಯಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ತೊಟ್ಟು ಸಮೇತ ಒಂದು ಗುಲಗಂಜಿ ಇದೆ. ಕಾವೇರಿ, ಕಪಿಲೆ ಕೂಡುವ ಈ ಕ್ಷೇತ್ರದ ಪುಣ್ಯ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಈ ಸೀಮೆಯ ಜನರ ನಂಬಿಕೆ. ಆ ನಂಬಿಕೆ ತನ್ನ ಅಳತೆಯನ್ನು ಅಕ್ಕಸಾಲಿಗರ ತಕ್ಕಡಿಯಿಂದಲೇ ತೆಗೆದುಕೊಂಡಿದೆ. ಗುಲಗಂಜಿ ಎಂದರೆ ಹತ್ತಿರಹತ್ತಿರ 0.12 ಗ್ರಾಂ. ನಮ್ಮ ಚಿನ್ನದ ಲೆಕ್ಕ ಶುರುವಾಗುತ್ತಿದ್ದುದೇ ಆ ಕೆಂಪು ಬೀಜದಿಂದ. ಅಲ್ಲಿಂದ ಅದು ಹಣ, ಗದ್ಯಾಣ, ವರಹ ಎಂಬ ಚಿನ್ನದ ನಾಣ್ಯಗಳಿಗೆ ಏರುತ್ತಿತ್ತು.

ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ 4,000 ವರ್ಷಗಳ ಹಿಂದೆ ಬಾಳಿದ ಸುಮೇರಿನ ಜನರೂ ಕಾಳಿನಿಂದಲೇ ಆರಂಭಿಸಿದ್ದರು. ಅವರದು ಬಾರ್ಲಿ ಕಾಳು. 180 ಕಾಳಿಗೆ ಒಂದು ಗಿನ್, ಅಂದರೆ ಸುಮಾರು 8.3 ಗ್ರಾಂ ಬೆಳ್ಳಿ. 60 ಗಿನ್‌ಗೆ ಒಂದು ಮನ, 60 ಮನಕ್ಕೆ ಒಂದು ಗುನ್. ಧಾನ್ಯ ಅಳೆಯುವ ಸಿಲ ಹೆಚ್ಚುಕಡಿಮೆ ಒಂದು ಲೀಟರ್. 300 ಸಿಲ ಸೇರಿದರೆ ಒಂದು ಗುರ್. ಉರ್ ನಗರದ ಮೂರನೆಯ ರಾಜವಂಶದ ಕಾಲದಲ್ಲಿ, ಕ್ರಿ.ಪೂ. 2100ರಿಂದ 2000ದವರೆಗಿನ ಆ ಒಂದು ಶತಮಾನದಲ್ಲಿ, ಒಂದು ಗುರ್ ಬಾರ್ಲಿಗೆ ಒಂದು ಗಿನ್ ಬೆಳ್ಳಿ ಎಂಬುದು ಕಡತದ ದರವಾಗಿತ್ತು. ಗಂಡಾಳಿಗೆ ತಿಂಗಳಿಗೆ 60 ಸಿಲ ಪಡಿ, ಹೆಣ್ಣಾಳಿಗೆ ಸಾಮಾನ್ಯವಾಗಿ ಅದರ ಅರ್ಧ. ಆ ವಂಶದ ಮೊದಲ ದೊರೆ ಉರ್-ನಮ್ಮುವಿನ ಹೆಸರಿನಲ್ಲಿರುವ ಕಾನೂನಿನ ಪೀಠಿಕೆ, ಅಳತೆಯ ಪಾತ್ರೆಯನ್ನೂ ತೂಕದ ಕಲ್ಲನ್ನೂ ಒಂದೇ ಪ್ರಮಾಣಕ್ಕೆ ತಂದದ್ದನ್ನು ರಾಜನ ದೊಡ್ಡ ಸಾಧನೆಯೆಂದೇ ಹೇಳುತ್ತದೆ.

ಇಂಥ ಲೆಕ್ಕವನ್ನು ಕ್ಯಾಲ್ಕುಲೇಟರಿಗೆ ಕಲಿಸುವುದು ಹೇಗೆ? ಅಂಗೈಯಲ್ಲಿ ಹಿಡಿದು ಪ್ರೋಗ್ರಾಂ ಬರೆಯಬಹುದಾದ ಯಂತ್ರ ಬಂದದ್ದು 1974ರಲ್ಲಿ, ಎಚ್‌ಪಿ–65 ರೂಪದಲ್ಲಿ. ಇಂದು ಅದೇ ಕೆಲಸವನ್ನು ಶಾಲೆಯ ಯಾವ ಕಂಪ್ಯೂಟರಾದರೂ ಮಾಡುತ್ತದೆ. ಮಾಡಬೇಕಾದ್ದು ಮೂರೇ ಕೆಲಸ. ಎಲ್ಲವನ್ನೂ ಅತಿ ಚಿಕ್ಕ ಮಾನಕ್ಕೆ ಇಳಿಸಬೇಕು, ಲೆಕ್ಕ ಮಾಡಬೇಕು, ಉತ್ತರವನ್ನು ಮತ್ತೆ ದೊಡ್ಡ ಮಾನಗಳಿಗೆ ಏರಿಸಬೇಕು.

ಸುಮೇರಿನ ಒಬ್ಬ ಮೇಸ್ತ್ರಿಯ ಲೆಕ್ಕವನ್ನು ಹೀಗೆ ಮಾಡಿ ನೋಡೋಣ. ಅವನ ಕೈಕೆಳಗೆ 20 ಆಳು, ತಿಂಗಳಿಗೆ 30 ದಿನ. ಅಲ್ಲಿಗೆ 600 ಆಳುದಿನ ಅವನ ಹೆಸರಿಗೆ ಬಿತ್ತು. ಪಡಿ 1,200 ಸಿಲ, ಅಂದರೆ 4 ಗುರ್ ಬಾರ್ಲಿ. ಬೆಳ್ಳಿಯಲ್ಲಿ 4 ಗಿನ್. ಗಂಡಾಳಿಗೆ ಹತ್ತು ದಿನಕ್ಕೊಂದು ರಜೆ ಎಂಬ ಕಟ್ಟಳೆಯಂತೆ 60 ಆಳುದಿನ ಅವನ ಜಮೆಗೆ ಬರುತ್ತದೆ. ಕಾಲುವೆ ಅಗೆಯುವ ಒಬ್ಬ ಆಳು ದಿನಕ್ಕೆ ಸುಮಾರು 3 ಘನ ಮೀಟರ್ ಮಣ್ಣು ತೆಗೆಯಬೇಕು ಎಂದು ಇಟ್ಟುಕೊಂಡರೆ, ಉಳಿದ 540 ಆಳುದಿನಕ್ಕೆ 1,620 ಘನ ಮೀಟರ್ ಮಣ್ಣು ಬರಬೇಕು. ಬಂದದ್ದು 1,440 ಮಾತ್ರ ಎನ್ನೋಣ. ಆಗ 480 ಆಳುದಿನದ ಕೆಲಸವಷ್ಟೇ ಜಮೆ. 60 ಆಳುದಿನ ಬಾಕಿ. ಆ ಬಾಕಿ ಮುಂದಿನ ಲೆಕ್ಕದ ತಲೆಗೆ ಹೋಗಿ ಕೂರುತ್ತದೆ. ಮೇಸ್ತ್ರಿ ತೀರಿಕೊಂಡರೂ ಬಿಡುಗಡೆಯಿಲ್ಲ. ಅವನ ಮನೆ, ಆಸ್ತಿಯಿಂದ ಅದು ವಸೂಲಾಗುತ್ತಿತ್ತು. ಇಂಥ ಲೆಕ್ಕಗಳನ್ನು ಬರೆದಿಟ್ಟ ಮಣ್ಣಿನ ಹಲಗೆಗಳನ್ನು ಓದಿ, ಅವುಗಳ ಹಿಂದಿನ ದುಡಿಮೆಯ ಭಾರವನ್ನು ಬಯಲಿಗೆ ತಂದವರಲ್ಲಿ ರಾಬರ್ಟ್ ಎಂಗ್ಲಂಡ್ ಪ್ರಮುಖರು.

ಈ ಪ್ರೋಗ್ರಾಮಿನ ಹೃದಯದಲ್ಲಿರುವ ಸೂತ್ರ ನಮಗೆ ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರ ಸಂಗ್ರಹ’ದಲ್ಲಿ ಆ ಸೂತ್ರಕ್ಕೆ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕಕ್ಕೆ, ದೊಡ್ಡ ಜಾಗ ಕೊಟ್ಟ. 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರ ಗಣಿತ’ದ ಮೂಲಕ ಗಣಿತವನ್ನು ಕನ್ನಡಕ್ಕೆ ತಂದ. ತ್ರೈರಾಶಿಕ ಹೇಳುವುದಿಷ್ಟೆ: ಫಲವನ್ನು ಇಚ್ಛೆಯಿಂದ ಗುಣಿಸು, ಪ್ರಮಾಣದಿಂದ ಭಾಗಿಸು. ಕೂಲಿ, ಬೆಲೆ, ಬಡ್ಡಿ ಎಲ್ಲಕ್ಕೂ ಇದೊಂದೇ ಸಾಲು ಸಾಕು.

ನಂಜನಗೂಡು ಮತ್ತು ನರಸೀಪುರ ಸೀಮೆಯಲ್ಲಿ ಈ ಸಾಲನ್ನು ದಿನವೂ ಓಡಿಸುತ್ತಿದ್ದವರು ಶಾನುಭೋಗರು. ಅವರ ಯಂತ್ರ ಕಡತ. 19ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಬದಿಗೆ ಇದ್ದಿಲ ಪುಡಿ ಬೆರೆಸಿದ ಸರಿಯ ಲೇಪ. ಒಣಗಿದ ಮೇಲೆ ಸಮನಾದ ಮಡಿಕೆ, ತುದಿಗಳಿಗೆ ಮರದ ಹಲಗೆ. ಬರೆಯುವುದು ಬಳಪದಲ್ಲಿ. ತಪ್ಪಾದರೆ ಒರೆಸಿ ತಿದ್ದಬಹುದು, ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ. 1800ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಹಾದುಹೋದಾಗ ಬೆಳೆ, ಬೆಲೆ, ಕೂಲಿ, ಅಳತೆಗಳನ್ನು ಕೇಳಿ ಕೇಳಿ ಬರೆದುಕೊಂಡ.

ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣ ಮೈಸೂರಿನ ಲೆಕ್ಕದಲ್ಲಿ ಬಹುಕಾಲ ನಿಂತಿತು. ಹತ್ತು ಹಣಕ್ಕೆ ಒಂದು ವರಹ. ಮುಂದೆ ರೂಪಾಯಿಗೆ ಹೊಂದಿಸುವಾಗ ಒಂದು ಹಣಕ್ಕೆ 4 ಆಣೆ 8 ಪೈ, ವರಹಕ್ಕೆ 2 ರೂಪಾಯಿ 14 ಆಣೆ 8 ಪೈ ಎಂದು ಗೊತ್ತಾಯಿತು. ಹಾಗಾದರೆ 3 ವರಹ 7 ಹಣ ಎಷ್ಟು? ಇಳಿಸಿದರೆ 37 ಹಣ. ಹಣಕ್ಕೆ 56 ಪೈಯಂತೆ 2,072 ಪೈ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿಯಂತೆ ಏರಿಸಿದರೆ 10 ರೂಪಾಯಿ 12 ಆಣೆ 8 ಪೈ. ಸುಮೇರಿನ ಮೇಸ್ತ್ರಿಗೆ ಬರೆದ ಪ್ರೋಗ್ರಾಮಿನಲ್ಲಿ 60ರ ಬದಲು 12, 16, 10 ಎಂದು ತಿದ್ದಿದರೆ ಕೆಲಸ ಮುಗಿಯಿತು.

ನಾಣ್ಯದಲ್ಲಿ ಮುಗಿದ ಕೆಲಸ ಧಾನ್ಯದಲ್ಲಿ ಮುಗಿಯುವುದಿಲ್ಲ. 20 ಕೊಳಗಕ್ಕೆ ಒಂದು ಖಂಡುಗ ಎಂಬುದು ಎಲ್ಲರೂ ಒಪ್ಪಿದ ಮಾತು. ಒಂದು ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರೆ ಊರಿಗೊಂದು ಉತ್ತರ. ಸೇರಿನಲ್ಲೇ ಕಚ್ಚಾ, ಪಕ್ಕಾ ಎಂದು ಎರಡು ಬಗೆ; ಕಚ್ಚಾ ಸೇರು 24 ರೂಪಾಯಿ ತೂಕ, ಪಕ್ಕಾ ಸೇರು ಅದರ ಮೂರು ಪಟ್ಟಿಗೂ ಮಿಗಿಲು. ನೆಲವನ್ನೂ ಬಿತ್ತುವ ಬೀಜದ ಲೆಕ್ಕದಲ್ಲಿ ಖಂಡುಗವೆಂದೇ ಕರೆಯುತ್ತಿದ್ದರು. ಖಂಡುಗ ಹೊಲ ಖಂಡುಗ ಗದ್ದೆಗಿಂತ ಹಲವು ಪಟ್ಟು ದೊಡ್ಡದು. ಆದ್ದರಿಂದ ನಮ್ಮ ಲೆಕ್ಕಯಂತ್ರ ಉತ್ತರ ಹೇಳುವ ಮೊದಲು ಯಾವ ಊರು, ಯಾವ ಕಾಲ, ಯಾವ ಪದಾರ್ಥ ಎಂದು ಕೇಳಲೇಬೇಕು. ಕೇಳದೆ ಹೇಳಿದ ಉತ್ತರ ಎಷ್ಟೇ ನಿಖರವಾಗಿ ಕಂಡರೂ ತಪ್ಪು. ಗೇಣಿ ಅಳೆಯುವ ಕೊಳಗ ಒಂದು ಪಾವಿನಷ್ಟು ದೊಡ್ಡದಾದರೂ ಒಕ್ಕಲಿನವನ ಮನೆಯ ಊಟ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು. ಹಾಗಾಗಿ ಅಳತೆಯ ಪಟ್ಟಿಯೇ ಇಲ್ಲಿನ ಬದುಕಿನ ಚರಿತ್ರೆ.

ಇಂಥ ಪಟ್ಟಿ ಕಟ್ಟಲು ಬೇಕಾದ ಸಾಮಗ್ರಿ ಈ ಎರಡು ತಾಲ್ಲೂಕುಗಳಲ್ಲಿ ಧಾರಾಳವಾಗಿದೆ. 1116ರಲ್ಲಿ ತಲಕಾಡನ್ನು ಗೆದ್ದ ಹೊಯ್ಸಳ ದೊರೆ ವಿಷ್ಣುವರ್ಧನ ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಅಕ್ಷರಗಳುಳ್ಳ ಚಿನ್ನದ ನಾಣ್ಯ ಹೊರಡಿಸಿದ. ಅದೇ ವಂಶದ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಸೋಮನಾಥಪುರದಲ್ಲಿ ಕೇಶವ ದೇವಾಲಯ ಕಟ್ಟಿಸಿ, ದತ್ತಿಯ ವಿವರವನ್ನು ಕಲ್ಲಿನಲ್ಲಿ ಬರೆಸಿದ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟು, ನಂಜನಗೂಡಿನ ಹುಲ್ಲಹಳ್ಳಿ ಅಣೆಕಟ್ಟು, ದಳವಾಯಿ ದೇವರಾಜಯ್ಯನ ಕಾಲದ 1735ರ ಕಪಿಲಾ ಸೇತುವೆ, ಇವೆಲ್ಲ ಸಾವಿರಾರು ಆಳುದಿನಗಳ ಫಲ. ಶಾಸನತಜ್ಞ ಬಿ.ಎಲ್. ರೈಸ್ 1894ರಲ್ಲಿ ಈ ಸೀಮೆಯ ಶಾಸನಗಳನ್ನು ಅಚ್ಚಿಗೆ ತಂದ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಅವನ್ನು ಪರಿಷ್ಕರಿಸಿ ಹೊರತಂದಿತು. ಗದ್ಯಾಣ, ಹಣ, ಹಣದ ಚಿಕ್ಕ ಭಾಗಗಳಾದ ಹಾಗ, ವೀಸ, ಜೊತೆಗೆ ಖಂಡುಗ, ಕೊಳಗ ಬರುವ ಸಾಲುಗಳನ್ನೆಲ್ಲ ಊರು ಮತ್ತು ವರ್ಷದ ಜೊತೆ ಹೆಕ್ಕಿದರೆ ಯಂತ್ರಕ್ಕೆ ಬೇಕಾದ ಮೊದಲ ಪಟ್ಟಿ ಸಿದ್ಧವಾಗುತ್ತದೆ.

ಪುಸ್ತಕದಲ್ಲಿ ಸಿಗದ ಭಾಗ ಮನೆಗಳಲ್ಲಿದೆ. ಮೆಟ್ರಿಕ್ ಅಳತೆಗೆ ದಾರಿ ಮಾಡಿದ ಕಾನೂನು ಬಂದದ್ದು 1956ರಲ್ಲಿ. ಅದಕ್ಕೆ ಮೊದಲು ಕಣದಲ್ಲಿ ಕೊಳಗ ಹಿಡಿದು ಅಳೆದವರನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಇಲ್ಲಿನ ಹೈಸ್ಕೂಲು, ಕಾಲೇಜಿನ ಮಕ್ಕಳು ಅಟ್ಟದ ಮೇಲಿನ ಕೊಳಗ, ಸೇರು, ಪಾವುಗಳನ್ನು ಕೆಳಗಿಳಿಸಿ, ಅಕ್ಕಿ ತುಂಬಿ, ಎಷ್ಟು ಲೀಟರ್ ಹಿಡಿಯುತ್ತದೆಂದು ನೋಡಿ, ಊರಿನ ಹೆಸರು, ಮನೆತನದ ಕಸುಬು ಸಮೇತ ಬರೆದಿಡಬೇಕು. ಕೊಳಗದ ಬಾಯಿಮಟ್ಟಕ್ಕೆ ಸವರಿ ಅಳೆಯುತ್ತಿದ್ದರೋ, ರಾಶಿ ಬಿಟ್ಟು ಅಳೆಯುತ್ತಿದ್ದರೋ ಎಂದು ಅಜ್ಜ, ಅಜ್ಜಿಯರನ್ನು ಕೇಳಬೇಕು. ಪ್ರೋಗ್ರಾಂ ಬರೆಯುವುದು ಒಂದು ಸಂಜೆಯ ಕೆಲಸ. ಈ ಕೇಳುವ ಕೆಲಸಕ್ಕೆ ಮಾತ್ರ ಉಳಿದಿರುವ ಕಾಲ ಬಹಳ ಕಡಿಮೆ. ಅದನ್ನು ಈ ರಜೆಯಲ್ಲೇ ಶುರುಮಾಡಬೇಕು.