ಮನೆಯೊಳಗಿನ ಉದ್ಯೋಗವೂ ಅಂತರಜಾಲದ ಎರಡು ದಾರಿಗಳೂ

ಕಾರವಾರ-ಅಂಕೋಲೆಗಳ ಸುಶಿಕ್ಷಿತ ತರುಣರು ಹೊಟ್ಟೆಪಾಡಿಗಾಗಿ ಗೋವೆ, ಮುಂಬಯಿ, ಬೆಂಗಳೂರುಗಳ ದಾರಿ ಹಿಡಿಯುವದು ಹೊಸ ಸಂಗತಿಯಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇವರಲ್ಲಿ ಅನೇಕರು ಊರಿಗೆ ಮರಳಿ, ಮನೆಯ ಜಗಲಿಯಲ್ಲಿಯೇ ಕುಳಿತು ದೂರದ ಕಚೇರಿಯ ಕೆಲಸ ಮಾಡಿದರು. ಅದೇ ವರ್ಷದ ನವೆಂಬರದಲ್ಲಿ ಕೇಂದ್ರ ಸರಕಾರವು ಕಾಲ್ ಸೆಂಟರ್ ಮೊದಲಾದ ಉದ್ಯಮಗಳ ನಿಯಮಗಳನ್ನು ಸಡಿಲಿಸಿ, ನೌಕರರು ಮನೆಯಿಂದಲೇ ದುಡಿಯಲು ಅನುಕೂಲ ಮಾಡಿಕೊಟ್ಟಿತು. ಕಾನೂನಿನ ಅಡ್ಡಿ ಸರಿಯಿತು. ಉಳಿದಿರುವದು ತಂತಿಯ ಅಡ್ಡಿ.

ಅಂಕೋಲೆ ತಾಲೂಕಿನ ನಮ್ಮ ಪರಿಚಯದ ತರುಣಿಯೊಬ್ಬಳು ವೃದ್ಧ ತಂದೆತಾಯಿಗಳ ಬಳಿ ಇದ್ದು ಬೆಂಗಳೂರಿನ ಕಂಪನಿಯೊಂದರ ಕೆಲಸ ಮಾಡುತ್ತಿರುವಳು. ಒಂದು ಮಳೆಗಾಲದಲ್ಲಿ ಮೂರು ಸಲ ಸಭೆಯ ನಡುವೆ ಅಂತರಜಾಲ ಕಡಿದುಹೋಗಲು, ಊರು ಬಿಟ್ಟು ಬರಬೇಕೆಂದು ಅವಳಿಗೆ ಅಪ್ಪಣೆಯಾಯಿತು. ತಪ್ಪು ಅವಳದಲ್ಲ, ಆದರೆ ದಂಡ ತೆರಬೇಕಾದವಳು ಅವಳೇ.

ನಮ್ಮ ಸೀಮೆಯ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು. ಇಲ್ಲಿ ಸಹ್ಯಾದ್ರಿಯು ಸಮುದ್ರದ ವರೆಗೂ ಚಾಚಿರುವದರಿಂದ ಮೊಬೈಲ್ ಗೋಪುರದ ಅಲೆಗಳು ಗುಡ್ಡದ ಮರೆಯ ಮನೆಗೆ ಸರಿಯಾಗಿ ತಲುಪವು. ಹಳೆಯ ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುವದು. ಉಪ್ಪುಗಾಳಿಯಿಂದ ಅದರ ಜೋಡಣೆಗಳು ಕಿಲುಬು ಹಿಡಿಯುವವು. ಬೆಳಕನ್ನು ಒಯ್ಯುವ ಗಾಜಿನ ಎಳೆಗೆ, ಎಂದರೆ ಫೈಬರಿಗೆ, ಈ ಎರಡೂ ಭಯ ಕಡಿಮೆ. ಆದಕಾರಣ ಅದು ದೊರೆಯುವಲ್ಲಿ ಅದನ್ನೇ ಆರಿಸತಕ್ಕದ್ದು. ಗ್ರಾಮ ಪಂಚಾಯತಿಗಳ ವರೆಗೆ ಫೈಬರ್ ಒಯ್ಯುವ ಯೋಜನೆಗೆ, ಈಗ ಭಾರತ್‌ನೆಟ್ ಎನಿಸಿಕೊಳ್ಳುವದಕ್ಕೆ, 2011ರಲ್ಲಿಯೇ ಒಪ್ಪಿಗೆ ದೊರೆಯಿತು. ಆದರೆ ಪಂಚಾಯತಿಯ ಕಟ್ಟೆಯಿಂದ ಮನೆಯ ಹೊಸ್ತಿಲಿನ ವರೆಗಿನ ದಾರಿಯೇ ಬೇರೆ. ಕಾಲುವೆ ಊರ ಮುಂದೆ ಹರಿದ ಮಾತ್ರಕ್ಕೆ ಗದ್ದೆ ನೆನೆಯುವದಿಲ್ಲ.

ಹಣ ಕೊಡುವ ಮುನ್ನ ಗೃಹಸ್ಥರು ಕೆಲವು ಪ್ರಶ್ನೆ ಕೇಳಬೇಕು. ಜಾಹೀರಾತಿನ ದೊಡ್ಡ ಅಂಕೆ ಬಹುಶಃ ಮನೆಗೆ ಬರುವ ವೇಗದ್ದು. ಮನೆಯಿಂದ ಹೊರಕ್ಕೆ ಹೋಗುವ ವೇಗವೆಷ್ಟು? ಒಂದು ವಿಡಿಯೋ ಸಂಭಾಷಣೆಗೆ ಎರಡೂ ಕಡೆಗೆ ನಾಲ್ಕು ಮೆಗಾಬಿಟ್ ಸಾಕು. ಅದು ಎಡೆಬಿಡದೆ ದೊರೆಯುವದೇ ಮುಖ್ಯ. ಎಳೆ ಕಡಿದರೆ ಎಷ್ಟು ದಿನಕ್ಕೆ ಸರಿಪಡಿಸುವರು? ಇದನ್ನು ಮಾರುವವನಿಗಲ್ಲ, ನೆರೆಯವರಿಗೆ ಕೇಳಬೇಕು. ಅದೂ ಜನೇವರಿಯ ಮಾತಲ್ಲ, ಜುಲೈ ತಿಂಗಳ ಮಾತು. ದಪ್ಪ ಚಿರೆಕಲ್ಲಿನ ಗೋಡೆಯು ವೈಫೈಯನ್ನು ತಡೆಯುವದರಿಂದ ರೌಟರನ್ನು ಕೆಲಸದ ಕೋಣೆಯಲ್ಲಿಯೇ ಇರಿಸಬೇಕು. ವಿದ್ಯುತ್ತು ಹೋದರೆ ರೌಟರೂ ನಿಲ್ಲುವದು. ಅದಕ್ಕೊಂದು ಚಿಕ್ಕ ಬ್ಯಾಟರಿ ಅವಶ್ಯ.

ಎಲ್ಲಕ್ಕೂ ಮಿಗಿಲಾಗಿ, ಒಂದೇ ದಾರಿಯನ್ನು ನಂಬಬಾರದು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಹೆದ್ದಾರಿ ಅನೇಕ ದಿನ ಮುಚ್ಚಿತ್ತು. ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಗೋವೆಯ ಸಂಚಾರ ಉಳಿಯಿತು. ಅಂತರಜಾಲಕ್ಕೂ ಇದೇ ನ್ಯಾಯ. ಫೈಬರಿನ ಜೊತೆಗೆ ಬೇರೆ ಕಂಪನಿಯ ಮೊಬೈಲ್ ಸಿಮ್ ಒಂದಿರಲಿ. ಅದು ಕೆಲಸದ ಕೋಣೆಯೊಳಗೆ ನಡೆಯುವದೋ ಎಂದು ಮೊದಲೇ ಪರೀಕ್ಷಿಸಿರಲಿ. ಇಬ್ಬರ ತಂತಿಗಳೂ ಒಂದೇ ಕಂಬದ ಮೇಲಿದ್ದರೆ ಒಂದೇ ಮರ ಬಿದ್ದು ಎರಡೂ ಹೋಗುವವು.

ಆದರೆ ಎಲ್ಲ ಭಾರವನ್ನೂ ಗೃಹಸ್ಥನ ಮೇಲೆಯೇ ಹೊರಿಸುವದು ನ್ಯಾಯವಲ್ಲ. ರಸ್ತೆ ಅಗಿಯುವ ಇಲಾಖೆಯವರು ಅಗಿಯುವ ಮುನ್ನ ತಂತಿಯವರಿಗೆ ತಿಳಿಸತಕ್ಕದ್ದು. ಕಂಪನಿಗಳು ದೂರಿಗೆ ಸಂಖ್ಯೆ ಕೊಡಲೇಬೇಕು. ಪರಿಹಾರ ದೊರೆಯದಿದ್ದರೆ ಗ್ರಾಹಕನು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಮ್ಮ ಜನರು ಗೊಣಗುತ್ತ ಕುಳಿತುಕೊಳ್ಳದೆ ಆ ಹಕ್ಕನ್ನು ಉಪಯೋಗಿಸಲಿ. ರಸ್ತೆ ಕಡಿದರೆ ಧಾವಿಸುವ ಅಧಿಕಾರಿಗಳು ಎಳೆ ಕಡಿದಾಗಲೂ ಅಷ್ಟೇ ಆಸ್ಥೆ ತೋರಲಿ. ಈಗ ಅದರ ಮೇಲೆಯೂ ಜನರ ಅನ್ನ ನಡೆದಿದೆ.

ಆ ತರುಣಿಯು ಬ್ಯಾಟರಿಯನ್ನೂ ಎರಡನೆಯ ಸಿಮ್ಮನ್ನೂ ತಂದು, ಇನ್ನೊಂದು ಮಳೆಗಾಲದ ಅವಧಿಯನ್ನು ಬೇಡಿಕೊಂಡಿರುವಳು. ಅವಳು ತನ್ನ ಪಾಲಿನ ಕೆಲಸ ಮಾಡಿದ್ದಾಳೆ. ಉಳಿದವರು ತಮ್ಮ ಪಾಲಿನದನ್ನು ಮಾಡುವರೇ?