ಸೆರೆಕುಳಿಗೆ ಬಿದ್ದ ರೊಟ್ಟಿ



ಜಲಪ್ರಳಯ ಇಳಿದಾಗ ನೋವನ ನಾವೆ ಅರಾರಾತ್ ಪರ್ವತ ಸೀಮೆಯಲ್ಲಿ ನಿಂತಿತೆಂದು ಆದಿಕಾಂಡದ ಎಂಟನೇ ಅಧ್ಯಾಯದಲ್ಲಿ ಓದುತ್ತೇವೆ. ಧರ್ಮೋಪದೇಶದ ತರಗತಿಯಲ್ಲಿ ಬಾಲ್ಯದಿಂದ ಕೇಳಿದ ಆ ಹೆಸರಿನ ಪರ್ವತವನ್ನು ಕಣ್ಣಾರೆ ಕಾಣುವ ಭಾಗ್ಯ ನಮಗೆ ಒದಗಿತು. ಅರ್ಮೇನಿಯದಲ್ಲಿ ಕಳೆದ ಆ ಒಂದು ದಿನದ ಚಿಂತನೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಅರ್ಮೇನಿಯ ಒಂದು ಪುಟ್ಟ ಬೆಟ್ಟಗಾಡು ದೇಶ. ರೋಮ್ ಸಾಮ್ರಾಜ್ಯಕ್ಕಿಂತ ಮೊದಲೇ, ಕ್ರಿ.ಶ. 301ರಲ್ಲಿ, ಅದು ಕ್ರೈಸ್ತ ವಿಶ್ವಾಸವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿತೆಂಬುದು ಅಲ್ಲಿನ ಪರಂಪರೆ. ಆ ಜನ ನಮಗೆ ತೀರ ಅಪರಿಚಿತರೇನಲ್ಲ. ನಮ್ಮ ಅನೇಕ ಕುಟುಂಬಗಳು ಯಾತ್ರೆ ಹೋಗುವ ಚೆನ್ನೈನ ಸಂತ ತೋಮಾಸರ ಬೆಟ್ಟಕ್ಕೆ 18ನೇ ಶತಮಾನದಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿಸಿದವರು ಪೆಟ್ರುಸ್ ಉಸ್ಕಾನ್ ಎಂಬ ಅರ್ಮೇನಿಯನ್ ವ್ಯಾಪಾರಿ.

ರಾಜಧಾನಿ ಯೆರೆವಾನಿನಿಂದ ಬೆಳಿಗ್ಗೆ ಹೊರಟು ನಾವು ಮೊದಲು ತಲುಪಿದ್ದು ಖೋರ್ ವಿರಾಪ್ ಮಠ. ಸುತ್ತ ದ್ರಾಕ್ಷಿ ತೋಟಗಳು. ಹಿಂದೆ ಹಿಮ ಹೊದ್ದ ಅರಾರಾತ್, 5,137 ಮೀಟರ್ ಎತ್ತರ. ಅರ್ಮೇನಿಯನ್ನರ ಹೃದಯದಲ್ಲಿರುವ ಈ ಪರ್ವತ ಇಂದು ಇರುವುದು ಗಡಿಯಾಚೆ, ತುರ್ಕಿಯ ನೆಲದಲ್ಲಿ. 1915ರಲ್ಲಿ ಆರಂಭವಾದ ನರಮೇಧದಲ್ಲಿ ಲಕ್ಷಾಂತರ ಬಂಧುಗಳನ್ನು ಕಳೆದುಕೊಂಡ ಜನ ದಿನವೂ ಅದನ್ನು ದೂರದಿಂದಲೇ ನೋಡುತ್ತಾರೆ. 2016ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅರ್ಮೇನಿಯದ ಧರ್ಮಸಭೆಯ ಮುಖ್ಯಸ್ಥರೊಡನೆ ಇಲ್ಲಿಂದಲೇ ಆ ಪರ್ವತದತ್ತ ಬಿಳಿ ಪಾರಿವಾಳಗಳನ್ನು ಹಾರಿಬಿಟ್ಟರು.

ಖೋರ್ ವಿರಾಪ್ ಎಂದರೆ ಆಳವಾದ ಸೆರೆಕುಳಿ. ವಿಗ್ರಹಕ್ಕೆ ಕಾಣಿಕೆ ಸಲ್ಲಿಸಲು ಒಪ್ಪದ ಸಂತ ಗ್ರೆಗೊರಿಯವರನ್ನು ರಾಜ ತಿರಿದಾತನು ಈ ಕುಳಿಗೆ ತಳ್ಳಿಸಿದನಂತೆ. ಸುಮಾರು ಹದಿಮೂರು ವರ್ಷ ಅವರು ಅಲ್ಲಿದ್ದರು. ಮುಂದೆ ಹ್ರಿಪ್ಸಿಮೆ, ಗಯಾನೆ ಮೊದಲಾದ ಕನ್ಯೆಯರನ್ನು ಕೊಲ್ಲಿಸಿದ ರಾಜನಿಗೆ ಬುದ್ಧಿ ಕೆಟ್ಟಿತು. ಕನಸಿನಲ್ಲಿ ಬಂದ ಸೂಚನೆಯಂತೆ ಗ್ರೆಗೊರಿಯವರನ್ನು ಮೇಲೆತ್ತಲಾಯಿತು. ತಮ್ಮನ್ನು ಹಿಂಸಿಸಿದವನಿಗಾಗಿಯೇ ಅವರು ಪ್ರಾರ್ಥಿಸಿದರು. ರಾಜ ಗುಣಹೊಂದಿ ದೀಕ್ಷಾಸ್ನಾನ ಪಡೆದನು. ಹೀಗೆ ಅವರು ‘ಜ್ಯೋತಿದಾತ’ ಎನಿಸಿಕೊಂಡರು.

ಕಡಿದಾದ ಕಬ್ಬಿಣದ ಏಣಿ ಹಿಡಿದು ನಾವೂ ಸುಮಾರು ಇಪ್ಪತ್ತು ಅಡಿ ಆಳಕ್ಕೆ ಇಳಿದೆವು. ಗಾಳಿಯಿಲ್ಲ, ಧಗೆ. ಹತ್ತು ನಿಮಿಷ ನಿಲ್ಲುವುದೂ ಕಷ್ಟವಾಯಿತು. ಮಂಡಿನೋವಿನಿಂದ ಮೇಲೆಯೇ ಕುಳಿತಿದ್ದ ನಮ್ಮ ತಂಡದ ಹಿರಿಯ ತಾಯಿಯೊಬ್ಬರು, “ಫಾದರ್, ಹದಿಮೂರು ವರ್ಷ ಊಟಕ್ಕೇನು ಮಾಡಿದರು?” ಎಂದು ಕೇಳಿದರು. ಒಬ್ಬ ವಿಧವೆ ದಿನಕ್ಕೊಂದು ರೊಟ್ಟಿ ಮಾಡಿ ಮೇಲಿನಿಂದ ಹಾಕುತ್ತಿದ್ದಳೆಂದು ಪುರಾತನ ಚರಿತ್ರೆ ಹೇಳುತ್ತದೆ ಎಂದೆವು. ಪಾರ್ಶ್ವವಾಯು ಬಡಿದ ಪತಿಗೆ ಒಂಬತ್ತು ವರ್ಷಗಳಿಂದ ತುತ್ತು ಉಣಿಸುತ್ತಿರುವ ಆ ತಾಯಿ ಮಾತನಾಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಗಾರ್ನಿಯ ಕಣಿವೆ ದಾಟಿ ಗೆಘಾರ್ಡ್ ಮಠಕ್ಕೆ ಹೋದೆವು. ಅದರ ಮುಖ್ಯ ದೇವಾಲಯ 1215ರದು. ಪಕ್ಕದ ಪ್ರಾರ್ಥನಾಲಯಗಳನ್ನು ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ್ದಾರೆ. ಒಳಗೇ ಚಿಲುಮೆಯೊಂದು ಹರಿಯುತ್ತದೆ. ಗೆಘಾರ್ಡ್ ಎಂದರೆ ಈಟಿ. ಪ್ರಭುವಿನ ಪಕ್ಕೆಯನ್ನು ತಿವಿದ ಈಟಿಯೆಂದು ಗೌರವಿಸುವ ಅವಶೇಷ ಬಹುಕಾಲ ಇಲ್ಲಿತ್ತು. ಗೋಡೆಗಳಲ್ಲಿ ಕೆತ್ತಿದ ಶಿಲುಬೆಗಳ ಬುಡದಿಂದ ಎಲೆ, ಬಳ್ಳಿಗಳು ಚಿಗುರಿವೆ. ಅರ್ಮೇನಿಯದ ಶಿಲ್ಪಿಗೆ ಶಿಲುಬೆ ಒಣಮರವಲ್ಲ, ಜೀವವೃಕ್ಷ.

ಪ್ರಿಯರೇ, ಅರ್ಮೇನಿಯಕ್ಕೆ ಬೆಳಕು ತಂದ ಸಂತರ ಹೆಸರನ್ನು ಲೋಕ ಬಲ್ಲದು. ಅವರನ್ನು ಬದುಕಿಸಿದವಳು ಚರಿತ್ರೆಯಲ್ಲಿ ಬರೀ ‘ಒಬ್ಬ ವಿಧವೆ’. ಕುಳಿಯಲ್ಲಿದ್ದವರು ಎಂದಾದರೂ ಹೊರಬರುತ್ತಾರೆಂಬ ಭರವಸೆ ಅವಳಿಗೆ ಯಾರು ಕೊಟ್ಟಿದ್ದರು? ಆದರೂ ಅವಳು ಮರುದಿನ ಮತ್ತೆ ಹಿಟ್ಟು ಕಲಸಿದಳು. ಹಸಿದವರಿಗೂ ಸೆರೆಯಲ್ಲಿದ್ದವರಿಗೂ ಮಾಡಿದ್ದು ತಮಗೇ ಮಾಡಿದ್ದೆಂದು ಪ್ರಭು ಯೇಸು ಬೋಧಿಸಿದ್ದಾರಲ್ಲವೇ (ಮತ್ತಾಯ 25)?

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥ ಕುಳಿಗಳಿವೆ. ಹಾಸಿಗೆ ಹಿಡಿದವರು, ಕುಡಿತಕ್ಕೆ ಸಿಕ್ಕಿದವರು, ಮಕ್ಕಳು ಮಾತಾಡಿಸದ ವೃದ್ಧರು ಅವುಗಳಲ್ಲಿದ್ದಾರೆ. ಅವರೆಲ್ಲರನ್ನೂ ಮೇಲೆತ್ತುವ ಶಕ್ತಿ ನಮಗಿಲ್ಲದಿರಬಹುದು. ಇಂದಿನ ರೊಟ್ಟಿಯನ್ನಂತೂ ಹಾಕಬಹುದು. ಬಲಿಪೂಜೆಯಲ್ಲಿ ಜೀವದ ರೊಟ್ಟಿಯನ್ನು ಸ್ವೀಕರಿಸುವ ನಾವು ಮನೆಗೆ ಮರಳುವಾಗ ಅಂಥ ಒಂದು ಬಾಗಿಲನ್ನು ತಟ್ಟೋಣ. ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.